ರಾಮನವಮಿ ಪೆಂಡಾಲಿನಲ್ಲಿ ಸಂಗೀತ ಕೇಳಿಸಲಿ: ಉತ್ಸವ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ರಾಮನವಮಿ ಸಂಗೀತೋತ್ಸವ ಸಮಿತಿಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಪೆಂಡಾಲಿನ ಹೊಣೆ ಹೊತ್ತಿರುವ ಎಲ್ಲ ಹಿರಿಯರಿಗೆ,

ಮಾನ್ಯರೇ,

ಯುಗಾದಿಯಿಂದ ಒಂಬತ್ತನೆಯ ದಿನಕ್ಕೆ ರಾಮನವಮಿ. ಆ ಆಸುಪಾಸಿನಿಂದ ಮುಂದಕ್ಕೆ ಈ ಊರಿನ ಬೇಸಿಗೆ ಸಂಜೆಗಳೆಲ್ಲ ನಿಮ್ಮ ಪೆಂಡಾಲುಗಳವು. ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಶುರುಮಾಡಿದ ಉತ್ಸವ ಕೋಟೆ ಹೈಸ್ಕೂಲು ಮೈದಾನದಲ್ಲಿ ಬೆಳೆದು ದೇಶದ ದೊಡ್ಡ ವಿದ್ವಾಂಸರನ್ನೆಲ್ಲ ಕರೆಸಿಕೊಂಡಿತು. ಬಡಾವಣೆ ಬಡಾವಣೆಯಲ್ಲೂ ದೇವಸ್ಥಾನದ ಅಂಗಳದಲ್ಲಿ, ಶಾಲೆಯ ಬಯಲಿನಲ್ಲಿ, ರಸ್ತೆಗೆ ಅಡ್ಡಲಾಗಿ ಹಾಕಿದ ಶಾಮಿಯಾನದಲ್ಲಿ ಕಛೇರಿಗಳು ನಡೆಯುತ್ತವೆ. ಬಹಳಷ್ಟು ಕಡೆ ಟಿಕೆಟ್ಟಿಲ್ಲ. ಆಫೀಸು ಬಿಟ್ಟು ಬರುವವರು, ತರಕಾರಿ ಚೀಲ ಹಿಡಿದೇ ಬಂದು ಕೂರುವವರು, ಮೊಮ್ಮಕ್ಕಳ ಕೈಹಿಡಿದ ಅಜ್ಜಿಯರು ಎಲ್ಲರಿಗೂ ಪಾನಕ, ಕೋಸಂಬರಿ, ನೀರುಮಜ್ಜಿಗೆ ಕೊಟ್ಟು ಎರಡೂವರೆ ತಾಸು ಸಂಗೀತ ಕೇಳಿಸುತ್ತೀರಿ. ಇಂಥ ಕೆಲಸವನ್ನು ಸಂಬಳವಿಲ್ಲದೆ ವರ್ಷ ವರ್ಷವೂ ಹೊತ್ತು ನಡೆಸುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರೇ ಈ ಪತ್ರ ಬರೆಯುತ್ತಿದ್ದೇವೆ. ಯಾವುದೇ ಒಂದು ಸಮಿತಿಯ ಮೇಲೆ ಇದು ದೂರಲ್ಲ. ನಮ್ಮಲ್ಲಿ ಧ್ವನಿವ್ಯವಸ್ಥೆಯ ಕೆಲಸ ಮಾಡುವವರಿದ್ದಾರೆ, ಪಕ್ಕವಾದ್ಯ ನುಡಿಸುವವರಿದ್ದಾರೆ, ಬರೀ ಕೇಳುವವರೂ ಇದ್ದಾರೆ.

ನಮ್ಮ ತಕರಾರು ಒಂದೇ: ಪೆಂಡಾಲುಗಳಲ್ಲಿ ಸದ್ದು ಹೆಚ್ಚಾಗಿದೆ, ಸಂಗೀತ ಕೇಳಿಸುತ್ತಿಲ್ಲ.

ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಅದೇ ಹೊತ್ತಿಗೆ ಹಿಂದಿನ ಸಾಲಿನವರು ಕೈಯೆತ್ತಿ "ಕೇಳಿಸ್ತಿಲ್ಲ, ಸೌಂಡ್ ಕೊಡಿ" ಎನ್ನುತ್ತಾರೆ. ಕಾರ್ಯಕರ್ತರೊಬ್ಬರು ಓಡಿಹೋಗಿ ಮೈಕಿನವರಿಗೆ ಹೇಳುತ್ತಾರೆ, ಅವರು ಒಂದು ಗೆರೆ ಏರಿಸುತ್ತಾರೆ. ಮೃದಂಗದ ಎಡಗಡೆಯ ಗುಮ್ಕಿ ಎದೆಗೆ ಗುದ್ದುತ್ತದೆ, ಪಿಟೀಲು ತಗಡಿನಂತೆ ಕೊರೆಯುತ್ತದೆ, ಸಾಹಿತ್ಯದ ಅಕ್ಷರ ಬಿಡಿಸಿ ಕೇಳುವುದಿಲ್ಲ, ತಂಬೂರಿ ಇದೆಯೋ ಇಲ್ಲವೋ ತಿಳಿಯದು. ಶ್ರವಣಯಂತ್ರ ಹಾಕಿಕೊಂಡು ಬಂದವರ ಪಾಡು ಇನ್ನೂ ಕಷ್ಟ. ಒಂದು ಮಟ್ಟ ದಾಟಿದ ಸದ್ದನ್ನು ಆ ಯಂತ್ರ ಒಡೆದೇ ಕೊಡುತ್ತದೆ, ಅವರು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು ಕೂರುತ್ತಾರೆ.

ಇದರ ಮೂಲ ಸದ್ದು ಹೊಂದಿಸುವ ಮಿಕ್ಸರಿನಲ್ಲಲ್ಲ, ಸ್ಪೀಕರ್ ಬಾಕ್ಸುಗಳನ್ನು ಇಡುವ ಜಾಗದಲ್ಲಿದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ವೇದಿಕೆಯ ಎರಡು ಬದಿಗೆ, ಕೂತವರ ತಲೆಯ ಮಟ್ಟದಲ್ಲಿ ಬಾಕ್ಸ್ ಇಟ್ಟಿದ್ದೀರಿ ಎನ್ನಿ. ಮೊದಲ ಸಾಲು ಅದರಿಂದ 2 ಮೀಟರ್, ಕೊನೆಯ ಸಾಲು 32 ಮೀಟರ್. ನಡುವೆ 24 ಡೆಸಿಬಲ್ ಅಂತರ. ಹಿಂದೆ 70 ಬೇಕೆಂದರೆ ಮುಂದೆ 94 ಕೊಡಲೇಬೇಕು. ಎಷ್ಟೇ ಬೆಲೆಯ ಸಾಮಾನು ತಂದರೂ ಈ ಲೆಕ್ಕ ಬದಲಾಗದು. ಅದೇ ಬಾಕ್ಸುಗಳನ್ನು ಕೂತವರ ತಲೆಯ ಮಟ್ಟಕ್ಕಿಂತ ನಾಲ್ಕು ಮೀಟರ್ ಎತ್ತರಕ್ಕೇರಿಸಿ, ಮುಖವನ್ನು ಮಧ್ಯದ ಸಾಲುಗಳ ಕಡೆಗೆ ಬಗ್ಗಿಸಿದರೆ ಮೊದಲ ಸಾಲಿಗೂ ಅವು ಸುಮಾರು 4.5 ಮೀಟರ್ ದೂರವಾಗುತ್ತವೆ. ಅಂತರ 24ರಿಂದ ಸುಮಾರು 17ಕ್ಕೆ ಇಳಿಯುತ್ತದೆ. ಒಂದು ಪೈಸೆಯ ಹೊಸ ಸಾಮಾನಿಲ್ಲದೆ ಆಗುವ ಕೆಲಸವಿದು. ಸ್ಟ್ಯಾಂಡಿನ ಬುಡಕ್ಕೆ ಮರಳಿನ ಮೂಟೆ, ನಾಲ್ಕು ಕಡೆಗೆ ಹಗ್ಗ ಮಾತ್ರ ತಪ್ಪಬಾರದು. ಮಳೆಗೆ ಮುಂಚೆ ಏಳುವ ಗಾಳಿಗೆ ಮೊದಲು ಬೀಳುವುದೇ ಅವು.

ಉಳಿದ ಅಂತರ ತುಂಬುವುದಕ್ಕೆ ಪೆಂಡಾಲಿನ ಮಧ್ಯಭಾಗದಲ್ಲಿ ಇನ್ನೊಂದು ಜೋಡಿ ಸಣ್ಣ ಬಾಕ್ಸ್ ಸಾಕು. ಅನೇಕ ಕಡೆ ಈಗಲೂ ಹಿಂದೆ ಬಾಕ್ಸ್ ಹಾಕುತ್ತಾರೆ, ಆದರೆ ಡಿಲೇ, ಅಂದರೆ ಅದರ ಸದ್ದನ್ನು ತುಸು ತಡವಾಗಿ ಹೊರಡಿಸುವ ಏರ್ಪಾಡು, ಕೊಡುವುದಿಲ್ಲ. 30 ಡಿಗ್ರಿ ಬಿಸಿಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 349 ಮೀಟರ್ ಸಾಗುತ್ತದೆ, 20 ಮೀಟರ್ ಬರಲು 57 ಮಿಲಿಸೆಕೆಂಡ್ ಬೇಕು. ತಂತಿಯಲ್ಲಿ ಬರುವ ಸಂಕೇತಕ್ಕೆ ಹೊತ್ತೇ ಬೇಡ. ಹಾಗಾಗಿ ಹಿಂದೆ ಕೂತವರು ಹತ್ತಿರದ ಬಾಕ್ಸಿನ ಮಾತನ್ನು ಮೊದಲು ಕೇಳಿ, ವೇದಿಕೆಯ ಮಾತನ್ನು ಆಮೇಲೆ ಇನ್ನೊಮ್ಮೆ ಕೇಳುತ್ತಾರೆ. ನೆರವಲ್ (ಸಾಹಿತ್ಯದ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು) ನಡೆಯುವಾಗ ಒಂದೇ ಸಾಲು ಎರಡೆರಡಾಗಿ ಬಂದು ಕಲಸಿಹೋಗುವುದಕ್ಕೆ ಇದೇ ಕಾರಣ. 20 ಮೀಟರ್ ಹಿಂದಿನ ಜೋಡಿಗೆ 57 ಮಿಲಿಸೆಕೆಂಡ್, ಅದರ ಮೇಲೆ 10ರಿಂದ 15 ಸೇರಿಸಿ ಡಿಲೇ ಕೊಟ್ಟರೆ ಹಾಡು ವೇದಿಕೆಯಿಂದಲೇ ಬಂದಂತಿರುತ್ತದೆ. ಇಂದು ಬಾಡಿಗೆಗೆ ಸಿಗುವ ಮಾಮೂಲಿ ಡಿಜಿಟಲ್ ಮಿಕ್ಸರುಗಳಲ್ಲೆಲ್ಲ ಈ ಸೌಲಭ್ಯವಿದೆ. ಒಂದು ಟೇಪು ಹಿಡಿದು ದೂರ ಅಳೆಯುವ ವ್ಯವಧಾನ ಬೇಕು, ಅಷ್ಟೆ.

ಇನ್ನು ವೇದಿಕೆ. ಹಾಡುಗಾರಿಕೆಗೆ ಒಂದು, ಪಿಟೀಲಿಗೆ ಒಂದು, ಮೃದಂಗಕ್ಕೆ ಎರಡು, ಘಟಕ್ಕೆ ಒಂದು, ಮೋರ್ಚಿಂಗಿಗೆ ಒಂದು, ತಂಬೂರಿಗೆ ಒಂದು, ನಿರೂಪಕರಿಗೆ ಒಂದು ಎಂದು ಎಂಟು ಮೈಕು ತೆರೆದಿರುತ್ತವೆ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದರೆ, ಮೈಕು ಕೂಗದಂತೆ ಕೊಡಬಹುದಾದ ಸದ್ದು 3 ಡೆಸಿಬಲ್ ಕಡಿಮೆಯಾಗುತ್ತದೆ. ನಿರೂಪಕರ ಮೈಕನ್ನು ಕಛೇರಿಯುದ್ದಕ್ಕೂ ತೆರೆದಿಡುವುದರಿಂದ ಯಾರಿಗೂ ಉಪಯೋಗವಿಲ್ಲ, ನಷ್ಟ ಎಲ್ಲರಿಗೂ.

ಮಾನಿಟರುಗಳ, ಅಂದರೆ ಕಲಾವಿದರಿಗೇ ಕೇಳಿಸಲು ವೇದಿಕೆಯ ಮೇಲಿಡುವ ಬಾಕ್ಸುಗಳ, ಕಥೆ ಇನ್ನೂ ತೊಡಕಿನದು. ಗಾಯಕರು ತಮ್ಮ ಧ್ವನಿ ಕೇಳಿಸುತ್ತಿಲ್ಲ ಎಂದು ಮಾನಿಟರ್ ಏರಿಸಲು ಸನ್ನೆ ಮಾಡುತ್ತಾರೆ. ಅದು ಏರಿದಾಗ ಮೃದಂಗದವರಿಗೆ ತಮ್ಮ ವಾದ್ಯ ಕೇಳದು, ಅವರೂ ಸನ್ನೆ ಮಾಡುತ್ತಾರೆ. ಆಮೇಲೆ ಪಿಟೀಲಿನವರ ಸರದಿ. ಮೂರನೆಯ ಕೃತಿಯ ಹೊತ್ತಿಗೆ ವೇದಿಕೆಯ ಮೇಲಿನ ಸದ್ದೇ ಪೆಂಡಾಲಿನ ಸದ್ದಿಗಿಂತ ಹೆಚ್ಚಾಗಿರುತ್ತದೆ, ಆ ಸದ್ದೆಲ್ಲ ಮತ್ತೆ ಮೈಕುಗಳಿಗೆ ನುಗ್ಗಿ ಹೊರಗೆ ರಾಡಿಯಾಗಿ ಬರುತ್ತದೆ. ಹಾಡುವವರ ಕೈಗೆ ಸಾಮಾನ್ಯವಾಗಿ ಸಿಗುವ ಕಾರ್ಡಿಯಾಯ್ಡ್ ಮೈಕು ತನ್ನ ನೇರ ಹಿಂಬದಿಯ ಸದ್ದನ್ನು ಎಲ್ಲಕ್ಕಿಂತ ಕಡಿಮೆ ಹಿಡಿಯುತ್ತದೆ. ಆದ್ದರಿಂದ ಮಾನಿಟರ್ ಇರಬೇಕಾದದ್ದು ಮೈಕಿನ ಬಾಲದ ನೇರಕ್ಕೆ, ಗಾಯಕರ ಮುಂದೆ. ಪಕ್ಕದಲ್ಲಿ, ಓರೆಯಾಗಿ, ಹೂಕುಂಡದ ಹಿಂದೆ ಇಟ್ಟರೆ ಮೈಕು ಕೂಗುತ್ತದೆ. ವೇದಿಕೆಯ ಅಲಂಕಾರ ಮಾಡುವವರು ಸಂಜೆ ಐದಕ್ಕೆ ಬಂದು ಮಾನಿಟರನ್ನು ಪಕ್ಕಕ್ಕೆ ತಳ್ಳಿ ಅಲ್ಲಿ ಬಾಳೆಕಂದು ಕಟ್ಟುವುದನ್ನು ದಯವಿಟ್ಟು ನಿಲ್ಲಿಸಿ.

ಮಾನಿಟರಿನಲ್ಲಿ ಏನಿರಬೇಕೆಂಬುದೂ ಮುಖ್ಯ. ಮೊದಲು ತಂಬೂರಿ, ಆಮೇಲೆ ಹಾಡು, ಸ್ವಲ್ಪ ಪಿಟೀಲು. ಮೃದಂಗ ಬೇಡ, ಅದು ಎಲ್ಲರ ಮಗ್ಗುಲಲ್ಲೇ ಇದೆ. ಶ್ರುತಿ ಚೆನ್ನಾಗಿ ಕೇಳಿದರೆ ಗಾಯಕರಿಗೆ ತಮ್ಮ ಧ್ವನಿಯನ್ನು ಜೋರಾಗಿ ಕೇಳಿಸಿಕೊಳ್ಳುವ ಆತಂಕ ಅರ್ಧಕ್ಕರ್ಧ ಇಳಿಯುತ್ತದೆ.

ಮೃದಂಗದ ಬಲಗಡೆಯ ಮೈಕು ಒಂದು ಗೇಣು ದೂರವಿರಲಿ, ಎಡಗಡೆಯದು ಅದಕ್ಕಿಂತ ತುಸು ಹೆಚ್ಚು. ಇಂಥ ಮೈಕುಗಳನ್ನು ವಾದ್ಯಕ್ಕೆ ತಾಗಿಸಿದಷ್ಟೂ ಕೆಳಗಿನ ಸ್ವರಗಳು ಉಬ್ಬುತ್ತವೆ. ಒದ್ದೆ ರವೆ ಹಚ್ಚಿದ ಎಡಗಡೆ ಮೊದಲೇ ಗಂಭೀರ, ಅದಕ್ಕೆ ಇನ್ನಷ್ಟು ಉಬ್ಬು ಸೇರಿದರೆ ಪೆಂಡಾಲು ಗುಡುಗುತ್ತದೆ. ಹಾಡಿನ ಮೈಕಿಗೆ 80 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿ, ಅದಕ್ಕಿಂತ ಮೇಲೆ ಕೈಹಾಕಬೇಡಿ. ಒಂದು ಮನೆ ಶ್ರುತಿಯ ಗಂಡುಧ್ವನಿಯ ಷಡ್ಜ ಸುಮಾರು 131 ಹರ್ಟ್ಸ್, ಮಂದ್ರ ಪಂಚಮ 98. ಮದುವೆ ಆರ್ಕೆಸ್ಟ್ರಾದ ಅಭ್ಯಾಸದಲ್ಲಿ 150ಕ್ಕೆ ಕತ್ತರಿಸಿಬಿಟ್ಟರೆ ಆಲಾಪನೆಯ ಮಂದ್ರಸ್ಥಾಯಿ ಪೂರ್ತಿ ಸೊರಗುತ್ತದೆ. ಕೇಳುವವರು ಗಾಯಕರಿಗೆ ಧ್ವನಿ ಬಿದ್ದಿದೆ ಎಂದುಕೊಳ್ಳುತ್ತಾರೆ.

ಇದೆಲ್ಲ ಹೊಂದಿಸಲು ಸೌಂಡ್ ಚೆಕ್ ಬೇಕು. ಈಗ ಆಗುತ್ತಿರುವುದೇನು? ಕಲಾವಿದರು ಆರೂ ಇಪ್ಪತ್ತಕ್ಕೆ ಬರುತ್ತಾರೆ, ಆರೂವರೆಗೆ ಶುರು. ವರ್ಣ ಮುಗಿಯುವವರೆಗೂ ಮೈಕಿನ ಹುಡುಗ ವೇದಿಕೆಯ ಮೇಲೆ ಬಗ್ಗಿಕೊಂಡು ಸ್ಟ್ಯಾಂಡ್ ತಿರುಗಿಸುತ್ತಿರುತ್ತಾನೆ. ನಮ್ಮ ಮನವಿ ಇಷ್ಟು: ಕಲಾವಿದರಿಗೆ ಬರೆಯುವ ಆಹ್ವಾನಪತ್ರದಲ್ಲೇ ಸಂಜೆ 5.15ಕ್ಕೆ ಧ್ವನಿ ಪರೀಕ್ಷೆ ಎಂದು ಬರೆಯಿರಿ. ವಾಹನವನ್ನೂ ಅದಕ್ಕೆ ತಕ್ಕಂತೆ ಮುಂಚೆಯೇ ಕಳಿಸಿ. 30 ನಿಮಿಷ ಸಾಕು. ಮೊದಲು ತಂಬೂರಿ, ಅದರ ಮೇಲೆ ಹಾಡು, ಆಮೇಲೆ ಪಿಟೀಲು, ಕೊನೆಗೆ ಲಯವಾದ್ಯಗಳು. ಒಬ್ಬೊಬ್ಬರನ್ನೇ ಬೇರೆಯಾಗಿ ಪೂರ್ತಿ ಏರಿಸಿ ನೋಡುವ ಪದ್ಧತಿ ಬೇಡ, ಎಲ್ಲರೂ ಸೇರಿ ಒಂದು ಪಲ್ಲವಿ, ಅನುಪಲ್ಲವಿ ನುಡಿಸಿದರೆ ಎಲ್ಲ ತಿಳಿಯುತ್ತದೆ. ಆಪರೇಟರ್ ಕೂರುವ ಜಾಗ ಕೇಳುಗರ ನಡುವೆ ಇರಬೇಕು. ವೇದಿಕೆಯ ಪಕ್ಕದ ಪರದೆಯ ಹಿಂದೆ ಕೂತವನಿಗೆ ಕೇಳುಗರಿಗೆ ಏನು ಕೇಳುತ್ತಿದೆ ಎಂಬುದು ಹೇಗೆ ಗೊತ್ತಾಗಬೇಕು?

ಬೇಸಿಗೆಯ ಬಿಸಿ ವಾದ್ಯಗಳಿಗೆ ಏನು ಮಾಡುತ್ತದೆಂಬುದನ್ನು ವೇದಿಕೆ ಕಟ್ಟುವವರು ತಿಳಿದಿರಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿ ಮುಟ್ಟಿತ್ತು. ಮಧ್ಯಾಹ್ನವೆಲ್ಲ ಕಾದ ತಗಡಿನ ಚಾವಣಿಯ ಕೆಳಗೆ ಸಂಜೆ ಹ್ಯಾಲೊಜೆನ್ ದೀಪಗಳನ್ನೂ ಹಚ್ಚಿದರೆ ವೇದಿಕೆ ಒಲೆಯಾಗುತ್ತದೆ. ಬಿಸಿ ಏರಿದಂತೆ ಕೊಳಲಿನ ಶ್ರುತಿ ಏರುತ್ತದೆ, ಪಿಟೀಲಿನ ಹಾಗೂ ತಂಬೂರಿಯ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಒಂದೇ ವೇದಿಕೆಯಲ್ಲಿ ಎರಡು ವಾದ್ಯ ಎದುರುಬದುರು ದಿಕ್ಕಿಗೆ ಸರಿಯುತ್ತಿದ್ದರೆ ಕಲಾವಿದರು ಕೃತಿ ಕೃತಿಯ ನಡುವೆ ಶ್ರುತಿ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ವೀಣೆಯ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಹತ್ತಿರದ ದೀಪದ ಶಾಖಕ್ಕೆ ಮೇಣ ಮೆತ್ತಗಾದರೆ ಮೆಟ್ಟಿಲು ಜರುಗುತ್ತದೆ, ಆಮೇಲೆ ಆ ಸಂಜೆ ಅದನ್ನು ಸರಿಪಡಿಸಲಾಗದು. ಮೃದಂಗದ ಮುಖಕ್ಕೆ ನೇರವಾಗಿ ಫ್ಯಾನ್ ಬೀಸಿದರೆ ರವೆ ಬೇಗ ಒಣಗಿ ಉದುರುತ್ತದೆ, ಚರ್ಮ ಬಿಗಿದು ಶ್ರುತಿ ಏರುತ್ತದೆ. ಮಳೆ ಬಂದು ಗಾಳಿ ತಂಪಾದರೆ ಅದೇ ಚರ್ಮ ತೇವ ಹೀರಿ ಇಳಿಯುತ್ತದೆ, ವಿದ್ವಾಂಸರು ಮತ್ತೆ ಶ್ರುತಿ ಮಾಡುವ ಕಲ್ಲು ಹಿಡಿಯುತ್ತಾರೆ. ಹ್ಯಾಲೊಜೆನ್ ತೆಗೆದು ಎಲ್‌ಇಡಿ ಹಾಕಿ, ದೀಪಗಳನ್ನು ಮುಂದಿನಿಂದ ಮೂರು ಮೀಟರಿಗಿಂತ ದೂರವಿಡಿ. ತಗಡಿಗೂ ವೇದಿಕೆಗೂ ನಡುವೆ ದಪ್ಪ ಬಟ್ಟೆಯ ಒಂದು ಪದರ ಕಟ್ಟಿಸಿ. ಅದು ಶಾಖವನ್ನೂ ತಡೆಯುತ್ತದೆ, ತಗಡಿನಿಂದ ಹಿಂದಿರುಗುವ ಸದ್ದನ್ನೂ ಸ್ವಲ್ಪ ನುಂಗುತ್ತದೆ.

ಕೇಳುಗರಿಗೆಂದು ಇಡುವ ದೊಡ್ಡ ಪೆಡೆಸ್ಟಲ್ ಫ್ಯಾನುಗಳ ಸದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫ್ಯಾನಿನ ಬಳಿ ಕೂತವರಿಗೆ ಅದೇ 65 ಡೆಸಿಬಲ್ ಇದ್ದರೆ ಹಾಡು ಅದನ್ನು ಮೀರಲೇಬೇಕು. ದೊಡ್ಡ ನಾಲ್ಕರ ಬದಲು ಚಿಕ್ಕ ಹನ್ನೆರಡನ್ನು ನಿಧಾನ ವೇಗದಲ್ಲಿ ಓಡಿಸಿ. ಗಾಳಿ ಅಷ್ಟೇ ಬರುತ್ತದೆ, ಸದ್ದು ಬಹಳ ಕಡಿಮೆ.

ಈಗ ಹೇಳುವುದು ಪ್ರಾಣಕ್ಕೆ ಸಂಬಂಧಿಸಿದ್ದು. ಅಶ್ವಿನಿ, ಭರಣಿ ಮಳೆಗಳು ಬರುವುದು ಏಪ್ರಿಲ್ ಮಧ್ಯದಿಂದ ಮೇ ಎರಡನೆಯ ವಾರದವರೆಗೆ, ನಿಮ್ಮ ಉತ್ಸವದ ದಿನಗಳಲ್ಲೇ. ಅದೂ ಸಂಜೆಯ ಹೊತ್ತು, ಗುಡುಗು ಸಿಡಿಲಿನೊಂದಿಗೆ. ಶಾಮಿಯಾನದ ಬಟ್ಟೆ ಜೋತುಬಿದ್ದು ಒಂದು ಚದರ ಮೀಟರಿನಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 100 ಕಿಲೋ. ಚಾವಣಿಗೆ ಇಳಿಜಾರು ಇಲ್ಲದ ಪೆಂಡಾಲನ್ನು ಒಪ್ಪಿಕೊಳ್ಳಲೇಬೇಡಿ.

ಅನೇಕ ಪೆಂಡಾಲುಗಳಲ್ಲಿ ವೈರುಗಳ ಜೋಡಣೆಗೆ ಬರೀ ಟೇಪು ಸುತ್ತಿ ನೆಲದ ಮೇಲೆ ಬಿಟ್ಟಿರುತ್ತಾರೆ. ಸೀರಿಯಲ್ ಸೆಟ್ಟುಗಳನ್ನು ಕಬ್ಬಿಣದ ಕಂಬಕ್ಕೆ ನೇರ ಸುತ್ತಿರುತ್ತಾರೆ, ಎಲ್ಲೋ ಒಂದು ಕಡೆ ಸುಲಿದ ತಂತಿ ತಾಗಿದರೂ ಇಡೀ ಚೌಕಟ್ಟಿಗೆ ವಿದ್ಯುತ್ ಹರಿಯುತ್ತದೆ. ಕೇಳುಗರಲ್ಲಿ ಚಪ್ಪಲಿ ಬಿಟ್ಟು ಒದ್ದೆ ನೆಲದಲ್ಲಿ ಕೂತವರು ಎಷ್ಟೋ ಜನ. ಮೀಟರ್ ಬೋರ್ಡಿನಿಂದ ಹೊರಡುವ ಪ್ರತಿ ಲೈನಿಗೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ತಕ್ಷಣ ಲೈನು ಕಡಿಯುವ ಸ್ವಿಚ್) ಇರಲಿ, ದಿನವೂ ಸಂಜೆ ಅದರ ಟೆಸ್ಟ್ ಬಟನ್ ಒತ್ತಿ ನೋಡಲಿ. ಜೋಡಣೆಗಳೆಲ್ಲ ನೆಲದಿಂದ ಮೇಲೆ, ನೀರು ನುಗ್ಗದ ಇಂಡಸ್ಟ್ರಿಯಲ್ ಪ್ಲಗ್ಗುಗಳಲ್ಲಿ ಇರಲಿ. ಕಬ್ಬಿಣದ ಚೌಕಟ್ಟಿಗೆ ಅರ್ಥಿಂಗ್ ಕೊಡಿ, ಜನರೇಟರಿಗೂ ಪ್ರತ್ಯೇಕ ಅರ್ಥಿಂಗ್ ಇರಬೇಕು.

ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ತಂತಿ ಸಡಿಲವಾದರೆ 230 ವೋಲ್ಟಿನ ಸಾಮಾನಿಗೆ 400 ವೋಲ್ಟಿನ ಹತ್ತಿರ ಏರಿ ಬರಬಹುದು. ಜನರೇಟರಿನಿಂದ ಮತ್ತೆ ಲೈನಿಗೆ ಬದಲಾಯಿಸುವಾಗ ಚೇಂಜ್‌ಓವರ್ ಸ್ವಿಚ್ಚಿನಲ್ಲಿ ಹೀಗಾಗುವುದು ಹೆಚ್ಚು. ಎಲೆಕ್ಟ್ರೀಷಿಯನ್ ಕಛೇರಿ ಮುಗಿಯುವವರೆಗೂ ಸ್ಥಳದಲ್ಲಿರಬೇಕು. ಧ್ವನಿಗೆ ಒಂದು ಫೇಸ್, ದೀಪ ಮತ್ತು ಫ್ಯಾನುಗಳಿಗೆ ಬೇರೆ ಫೇಸ್ ಕೊಟ್ಟರೆ ಬಾಕ್ಸುಗಳ ಗುಂಯ್ ಸದ್ದೂ ಬಹುಪಾಲು ತಗ್ಗುತ್ತದೆ. ಅದು ಹೋಗಲೆಂದು ಮೈಕಿನವರು ಅರ್ಥ್ ತಂತಿಯನ್ನೇ ಕತ್ತರಿಸಿಟ್ಟಿದ್ದರೆ ತಕ್ಷಣ ಸರಿಮಾಡಿಸಿ. ಲೋಹದ ಮೈಕು ಹಿಡಿದವರ ಜೀವ ಆ ತಂತಿಯಲ್ಲಿದೆ.

ಗುಡುಗು ಕೇಳಿಸಿತೆಂದರೆ ಕಛೇರಿ ನಿಲ್ಲಿಸಿ, ಪ್ಲಗ್ಗುಗಳನ್ನು ಕಳಚಿ, ಜನರನ್ನು ಶಾಲೆಯ ಅಥವಾ ದೇವಸ್ಥಾನದ ಕಟ್ಟಡದೊಳಗೆ ಕಳಿಸಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. "ಇನ್ನೊಂದು ದೇವರನಾಮ ಹಾಡಿ ಮುಗಿಸಲಿ" ಎಂಬ ಆಸೆ ಎಲ್ಲರಿಗೂ ಆಗುತ್ತದೆ, ಆ ಆಸೆಗೆ ಸೋಲಬೇಡಿ. ಯಾರು ನಿಲ್ಲಿಸಬೇಕೆಂಬುದನ್ನು ಮೊದಲೇ ಒಬ್ಬರಿಗೆ ವಹಿಸಿಟ್ಟರೆ ಆ ಹೊತ್ತಿನಲ್ಲಿ ಚರ್ಚೆಗೆ ಎಡೆಯಿರುವುದಿಲ್ಲ.

ಅಕ್ಕಪಕ್ಕದ ಮನೆಯವರ ವಿಷಯ. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಧ್ವನಿವರ್ಧಕವಿರುವ ಜಾಗದ ಗಡಿಯಲ್ಲಿ ಆ ಮಿತಿಗಿಂತ 10 ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಬೇಸಿಗೆ ಪರೀಕ್ಷೆಗಳ ಕಾಲವೂ ಹೌದು. ಬಾಕ್ಸುಗಳನ್ನು ಎತ್ತರಕ್ಕೇರಿಸಿ ಕೆಳಕ್ಕೆ ಬಗ್ಗಿಸಿ, ಹಿಂದೆ ಸಣ್ಣ ಜೋಡಿ ಹಾಕಿ ಎಂದದ್ದಕ್ಕೆ ಇದೂ ಒಂದು ಕಾರಣ. ಸದ್ದು ಕೂತವರ ಮೇಲೆ ಬೀಳುತ್ತದೆ, ಎದುರು ಮನೆಯ ಎರಡನೆಯ ಮಹಡಿಗೆ ಹೋಗುವುದಿಲ್ಲ. ಕೇಳುಗರ ಮಧ್ಯದ ಸಾಲಿನಲ್ಲಿ ಸರಾಸರಿ 75ರಿಂದ 80 ಡೆಸಿಬಲ್ ಇದ್ದರೆ ಕರ್ನಾಟಕ ಸಂಗೀತಕ್ಕೆ ಧಾರಾಳವಾಯಿತು. ಒಂದು ಅಳತೆಯ ಮೀಟರ್ ಕೊಂಡು ಆಪರೇಟರ್ ಮುಂದಿಡಿ. "ಸೌಂಡ್ ಕೊಡಿ" ಎಂದು ಯಾರಾದರೂ ಓಡಿಬಂದರೆ ಮೊದಲು ಮೀಟರ್ ನೋಡಲಿ, ಆಮೇಲೆ ಕೇಳಿದವರು ಕೂತ ಜಾಗಕ್ಕೇ ಹೋಗಿ ನಿಂತು ಕೇಳಲಿ.

ಇನ್ನೊಂದು ಮಾತು, ಮೈಕಿಗೆ ನೇರ ಸಂಬಂಧವಿಲ್ಲದಿದ್ದರೂ ಬಿಡಲಾಗದು. ಪ್ರಧಾನ ಕೃತಿಯ ಕೊನೆಗೆ ತನಿ ಆವರ್ತನ (ಲಯವಾದ್ಯಗಳ ಸರದಿ) ಶುರುವಾಗುವ ಹೊತ್ತಿಗೆ ಕಛೇರಿ ನಿಲ್ಲಿಸಿ ಸನ್ಮಾನ, ಶಾಲು, ಭಾಷಣ ನಡೆಸುವ ಪದ್ಧತಿ ಹಲವು ಕಡೆ ಬೇರೂರಿದೆ. ಅತಿಥಿಗಳು ಬರುವ ಹೊತ್ತು ನಿಮ್ಮ ಕೈಯಲ್ಲಿಲ್ಲವೆಂಬುದು ನಿಜ. ಆದರೆ ಒಂದೂವರೆ ತಾಸಿನಲ್ಲಿ ಕಟ್ಟಿದ ರಾಗದ ಕಾವು ಇಪ್ಪತ್ತು ನಿಮಿಷದ ಭಾಷಣದ ನಂತರ ಮರಳಿ ಬರುವುದಿಲ್ಲ, ಆರಿದ ಮೃದಂಗವೂ ಶ್ರುತಿಯಲ್ಲಿರುವುದಿಲ್ಲ. ಸನ್ಮಾನ ಮೊದಲೋ ಮಂಗಳದ ನಂತರವೋ ಆಗಲಿ.

ಕರಾರಿನ ಬಗ್ಗೆ. ಈಗ ದರಪಟ್ಟಿ ಕೇಳುವುದು ಇಷ್ಟು ಬಾಕ್ಸ್, ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ, ಕಡಿಮೆ ಹೇಳಿದವರಿಗೆ ಕೆಲಸ. ಅದರಿಂದ ಬರುವುದು ಹೆಚ್ಚು ಬಾಕ್ಸು, ದಿನಕ್ಕೊಬ್ಬ ಹೊಸ ಹುಡುಗ. ಇದರ ಬದಲು ಹೀಗೆ ಬರೆಯಿರಿ: ಮೊದಲ ಮತ್ತು ಕೊನೆಯ ಸಾಲಿನ ನಡುವೆ 8 ಡೆಸಿಬಲ್ ಮೀರಿದ ಅಂತರ ಇರಕೂಡದು, ಶಾಸ್ತ್ರೀಯ ಕಛೇರಿ ಮಾಡಿಸಿ ಗೊತ್ತಿರುವ ಒಬ್ಬರೇ ಆಪರೇಟರ್ ಉತ್ಸವದುದ್ದಕ್ಕೂ ಇರಬೇಕು, ನೇರಪ್ರಸಾರಕ್ಕೆ ಪ್ರತ್ಯೇಕ ಮಿಕ್ಸ್ ಕೊಡಬೇಕು. ಪೆಂಡಾಲಿನ ಮಿಕ್ಸನ್ನೇ ಯೂಟ್ಯೂಬಿಗೆ ಕಳಿಸಿದರೆ, ವೇದಿಕೆಯಿಂದ ನೇರವಾಗಿಯೇ ಕೇಳುವ ಘಟ, ಖಂಜಿರ ಅದರಲ್ಲಿ ಇಲ್ಲವೆನ್ನುವಷ್ಟು ಸಣ್ಣದಾಗಿರುತ್ತವೆ. ಒಳ್ಳೆಯ ಆಪರೇಟರಿಗೆ ದಿನಗೂಲಿ ಹೆಚ್ಚು ಕೊಡಬೇಕಾಗುತ್ತದೆ. ಬೇಡದ ನಾಲ್ಕು ಬಾಕ್ಸಿನ ಬಾಡಿಗೆ ಉಳಿಯುವುದರಿಂದ ಆ ಹಣ ಹೊಂದಿಸಬಹುದು.

ಮುಂದಿನ ಉತ್ಸವಕ್ಕೆ ಶಿವರಾತ್ರಿಯೊಳಗೆ ಈ ಕರಾರುಗಳು ಆಗಿಬಿಡಲಿ. ಪೆಂಡಾಲು ಎದ್ದ ದಿನ ಟೇಪು, ಮೀಟರ್ ಹಿಡಿದು ಬಂದು ಬಾಕ್ಸಿನ ಎತ್ತರ, ಡಿಲೇ, ಅರ್ಥಿಂಗ್ ಎಲ್ಲ ಅಳೆದು ಬರೆದುಕೊಡಲು ನಮ್ಮಲ್ಲಿ ಹಲವರು ಸಿದ್ಧರಿದ್ದೇವೆ. ಅದಕ್ಕೆ ಯಾವ ಶುಲ್ಕವೂ ಬೇಡ, ಸಂಜೆ ಕೂತು ಕೇಳಲು ಒಂದು ಕುರ್ಚಿ ಸಾಕು. ತಮ್ಮ ಸಮಿತಿಯ ಮುಂದಿನ ಸಭೆಯಲ್ಲಿ ಈ ಪತ್ರವನ್ನು ಓದಿಸಿ, ಒಪ್ಪದ ಅಂಶಗಳಿದ್ದರೆ ಅವುಗಳಿಗೂ ಬಹಿರಂಗವಾಗಿಯೇ ಉತ್ತರಿಸಬೇಕೆಂದು ಕೋರುತ್ತೇವೆ.

ಇತಿ ನಮಸ್ಕಾರಗಳೊಂದಿಗೆ,
ತಮ್ಮ ವಿಶ್ವಾಸಿಗಳಾದ
ನಗರದ ಕೆಲವು ಧ್ವನಿ ತಂತ್ರಜ್ಞರು, ಪಕ್ಕವಾದ್ಯದವರು ಮತ್ತು ಕೇಳುಗರು